ಸೊಂಡೆಕೊಪ್ಪದ ಗೋಡೆ, ಬೈಲಕುಪ್ಪೆಯ ಹೊಲ

ಬಸವೇಶ್ವರನಗರದಿಂದ ಮಾಗಡಿ ರಸ್ತೆಗೆ ಇಳಿದು, ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ ದಾಟಿ, ಕಡಬಗೆರೆ ಕಡೆಯಿಂದ ನೆಲಮಂಗಲದ ದಿಕ್ಕಿಗೆ ಹೊರಳಿದರೆ ಸೊಂಡೆಕೊಪ್ಪ ಸಿಗುತ್ತದೆ. ಸಮಾಜ ಕಲ್ಯಾಣ ಇಲಾಖೆ ಅಲ್ಲಿ 1992ರಲ್ಲಿ ಒಂದು ವಿದ್ಯಾರ್ಥಿ ನಿಲಯ ಕಟ್ಟಿಸಿತ್ತು. ಮಕ್ಕಳು ಕಡಿಮೆಯಾಗುತ್ತ ಬಂದು 2008ರಲ್ಲಿ ಅದಕ್ಕೆ ಬೀಗ ಬಿತ್ತು. ಹತ್ತು ವರ್ಷಕ್ಕೂ ಮಿಕ್ಕಿ ಪಾಳುಬಿದ್ದಿದ್ದ ಆ ಕಟ್ಟಡಕ್ಕೆ 2019ರ ಕೊನೆಯಲ್ಲಿ ಸುಣ್ಣಬಣ್ಣವಾಯಿತು. ಅಡುಗೆಮನೆ, ಬಚ್ಚಲು ರಿಪೇರಿಯಾದವು. ಆಮೇಲೆ ಕಾಂಪೌಂಡು ಎತ್ತರವಾಯಿತು, ಅದರ ಮೇಲೆ ಮುಳ್ಳುತಂತಿ ಬಂತು, ಮೂಲೆಯಲ್ಲಿ ಕಾವಲು ಗೋಪುರಗಳು ಎದ್ದವು. ಹಾಸ್ಟೆಲ್ಲು ಕರ್ನಾಟಕದ ಮೊದಲ ವಿದೇಶಿಯರ ಬಂಧನ ಕೇಂದ್ರವಾಯಿತು.

ದೇಶದಲ್ಲೆಲ್ಲ ಪೌರತ್ವ ತಿದ್ದುಪಡಿ ಕಾಯ್ದೆಯ ಗಲಾಟೆ ಎದ್ದಿದ್ದ ತಿಂಗಳು ಅದು. ಆಗ ಗೃಹ ಸಚಿವರಾಗಿದ್ದ ಬಸವರಾಜ ಬೊಮ್ಮಾಯಿ, ಈ ಕೇಂದ್ರಕ್ಕೂ ಪೌರತ್ವದ ವಿಚಾರಕ್ಕೂ ಸಂಬಂಧವಿಲ್ಲ, ವೀಸಾ ಮುಗಿದ ಮೇಲೂ ಉಳಿದು ಅಪರಾಧಗಳಲ್ಲಿ ಸಿಕ್ಕಿಬಿದ್ದ ವಿದೇಶಿಯರಿಗಾಗಿ ಇದು ಎಂಬರ್ಥದ ಸ್ಪಷ್ಟನೆ ಕೊಟ್ಟರು. ಚರ್ಚೆ ಅಲ್ಲಿಗೇ ನಿಂತಿತು. ಕಟ್ಟಡ ಇದೆಯೋ ಇಲ್ಲವೋ, ಯಾರಿಗಾಗಿ ಇದೆ ಎಂದು ವಾದ ನಡೆಯಿತೇ ಹೊರತು, ಒಳಗೆ ಹೋದವರು ಎಷ್ಟು ದಿನ ಇರುತ್ತಾರೆ, ಹೊರಗೆ ಬರುವುದು ಹೇಗೆ ಎಂದು ಕೇಳಿದವರು ಕಡಿಮೆ. ನನಗೆ ಮುಖ್ಯವಾಗಿ ಕಾಣುವುದು ಆ ಪ್ರಶ್ನೆ. ಕಾಗದವಿಲ್ಲದ ಮನುಷ್ಯನಿಗೆ ಸರ್ಕಾರ ಕೊಡುವ ಸೂರನ್ನು ಅಳೆಯಬೇಕಾದದ್ದು ಗೋಡೆಯ ಎತ್ತರದಿಂದಲ್ಲ, ಅಲ್ಲಿಂದ ಹೊರಬೀಳುವ ದಿನ ಗೊತ್ತಿದೆಯೇ ಎಂಬುದರಿಂದ.

ಇಂಥ ಕೇಂದ್ರಗಳು ಹುಟ್ಟಿಕೊಂಡ ಬಗೆಯನ್ನು ನೋಡಿದರೆ ಅವುಗಳ ಮೂಲ ಉದ್ದೇಶ ಬಂಧನವಲ್ಲ, ಬಿಡುಗಡೆ ಎಂದು ತಿಳಿಯುತ್ತದೆ. ಶಿಕ್ಷೆಯ ಅವಧಿ ಮುಗಿದರೂ ಸ್ವದೇಶಕ್ಕೆ ಹೋಗಲಾಗದೆ ಜೈಲುಗಳಲ್ಲೇ ಕೊಳೆಯುತ್ತಿದ್ದ ವಿದೇಶಿಯರ ಬಗ್ಗೆ ಭೀಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರ ಫೆಬ್ರುವರಿಯಲ್ಲಿ ಒಂದು ಆದೇಶ ಮಾಡಿತು. ಶಿಕ್ಷೆ ಮುಗಿದವರನ್ನು ಜೈಲಿನಿಂದ ತಕ್ಷಣ ಬಿಡಿ, ವಾಪಸು ಕಳುಹಿಸುವವರೆಗೆ ಓಡಾಟಕ್ಕೆ ಮಿತಿಯಿರುವ ಸೂಕ್ತ ಜಾಗದಲ್ಲಿ ಇಡಿ ಎಂಬುದು ಅದರ ಸಾರ. ಮುಂದಿನ ತಿಂಗಳೇ ಗೃಹ ಸಚಿವಾಲಯ ರಾಜ್ಯಗಳಿಗೆ ಸುತ್ತೋಲೆ ಹೊರಡಿಸಿತು. 2014ರಲ್ಲಿ ಮತ್ತೆ ನೆನಪಿಸಿತು. 2019ರ ಜನವರಿಯಲ್ಲಿ ಮಾದರಿ ಕೈಪಿಡಿಯನ್ನೇ ಕಳುಹಿಸಿತು. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಜಾಗ, ಒಂದೇ ಕುಟುಂಬದವರನ್ನು ಒಂದೇ ಕೇಂದ್ರದಲ್ಲಿ ಇಡುವುದು, ಹಾಲೂಡಿಸುವ ತಾಯಂದಿರ ಬಗ್ಗೆ ವಿಶೇಷ ಕಾಳಜಿ, ಮಕ್ಕಳಿಗೆ ಹತ್ತಿರದ ಶಾಲೆ, ಇವೆಲ್ಲ ಆ ಕೈಪಿಡಿಯಲ್ಲಿವೆ. ಹತ್ತು ಅಡಿಯ ಗೋಡೆಯ ಮಾತೂ ಅದರಲ್ಲಿದೆ. ಜಾರಿಗೆ ತರುವಾಗ ಗೋಡೆ ಮೊದಲು ಏಳುತ್ತದೆ, ಶಾಲೆ ಕೊನೆಗೆ ಉಳಿಯುತ್ತದೆ.

ಕರ್ನಾಟಕ ಹೈಕೋರ್ಟಿನ ಮುಂದೆ ಈ ವಿಷಯ ಬಂದದ್ದು ಯಾವುದೋ ದೊಡ್ಡ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಿಂದಲ್ಲ. 2018ರಲ್ಲಿ ಬೆಂಗಳೂರಿನಲ್ಲಿ ಬಂಧಿತರಾಗಿ ಬಾಂಗ್ಲಾದೇಶದವರೆಂಬ ಆರೋಪ ಹೊತ್ತಿದ್ದವರ ಜಾಮೀನು ಅರ್ಜಿ ಅದು. ನ್ಯಾಯಮೂರ್ತಿ ಕೆ.ಎನ್. ಫಣೀಂದ್ರ ಅವರು ಅರ್ಜಿಯ ಹಿಂದಿದ್ದ ದೊಡ್ಡ ತೊಡಕನ್ನು ಗುರುತಿಸಿದರು. ಜಾಮೀನು ಸಿಕ್ಕರೆ ಈ ಜನ ಎಲ್ಲಿಗೆ ಹೋಗಬೇಕು? ಖುಲಾಸೆಯಾದರೆ? ಶಿಕ್ಷೆ ಮುಗಿದರೆ? ಸರ್ಕಾರವನ್ನು ಕೇಳಿದಾಗ, ರಾಜ್ಯದಲ್ಲಿ 35 ತಾತ್ಕಾಲಿಕ ಬಂಧನ ಕೇಂದ್ರಗಳನ್ನು ಗುರುತಿಸಿದ್ದೇವೆ ಎಂಬ ಉತ್ತರ 2019ರ ನವೆಂಬರಿನಲ್ಲಿ ಬಂತು. 2020ರ ಮೇ ತಿಂಗಳ ತೀರ್ಪಿನಲ್ಲಿ ನ್ಯಾಯಾಲಯ ವಿವರವಾದ ಮಾರ್ಗಸೂಚಿ ಕೊಟ್ಟಿತು. ಕಾಗದಪತ್ರವಿಲ್ಲದ ವಿದೇಶಿಯನಿಗೆ ಜಾಮೀನು ಕೊಟ್ಟರೂ ಗಡೀಪಾರಿನವರೆಗೆ ಬಂಧನ ಕೇಂದ್ರದಲ್ಲಿ ಇಡಬೇಕು, ಆದರೆ ಅಲ್ಲಿ ಮನುಷ್ಯರು ಬದುಕುವ ಸೌಕರ್ಯ ಇರಲೇಬೇಕು, ಆರು ವರ್ಷದೊಳಗಿನ ಮಕ್ಕಳನ್ನು ತಾಯಿಯಿಂದ ಬೇರ್ಪಡಿಸಬಾರದು ಎಂದು ಹೇಳಿತು.

ಸೌಕರ್ಯದ ಮಾತನ್ನು ಬರೆದದ್ದಕ್ಕೆ ಆ ತೀರ್ಪಿಗೆ ನಾನು ಋಣಿ. ಆದರೆ ಅದರ ಮೊದಲರ್ಧ ನನ್ನನ್ನು ಕಾಡುತ್ತದೆ. ಜಾಮೀನು ಎಂದರೆ ವಿಚಾರಣೆ ಮುಗಿಯುವ ತನಕ ಹೊರಗಿರುವ ಹಕ್ಕು. ಇಲ್ಲಿ ಆ ಹಕ್ಕು ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ಕರೆದೊಯ್ಯುತ್ತದೆ. ಎರಡನೆಯ ಗೇಟಿನಲ್ಲಿ ಶಿಕ್ಷೆಯ ಅವಧಿ ಎಂಬುದೇ ಇಲ್ಲ. ಜೈಲಿನಲ್ಲಿರುವವನು ಗೋಡೆಯ ಮೇಲೆ ಗೀಟು ಹಾಕಿ ದಿನ ಎಣಿಸಬಹುದು. ಬಂಧನ ಕೇಂದ್ರದಲ್ಲಿರುವವನಿಗೆ ಎಣಿಸುವುದಕ್ಕೆ ಕೊನೆಯ ಅಂಕಿಯೇ ಗೊತ್ತಿಲ್ಲ.

ಯಾಕೆ ಗೊತ್ತಿಲ್ಲ ಎಂದರೆ ಗಡೀಪಾರು ಒಬ್ಬರ ಕೈಯಲ್ಲಿರುವ ಕೆಲಸವಲ್ಲ. ಆ ವ್ಯಕ್ತಿ ತಮ್ಮವನೇ ಎಂದು ಇನ್ನೊಂದು ದೇಶ ಒಪ್ಪಬೇಕು. ಹೆಸರು, ತಂದೆಯ ಹೆಸರು, ಊರು, ಜಿಲ್ಲೆ ಬರೆದು ಕಳುಹಿಸಿದ ಮೇಲೆ ಅಲ್ಲಿನ ಪೊಲೀಸರು ಆ ಊರಿಗೆ ಹೋಗಿ ವಿಚಾರಿಸಿ ಹೌದು ಎನ್ನಬೇಕು. ಆಮೇಲೆ ದೂತಾವಾಸ ಪ್ರಯಾಣಪತ್ರ ಕೊಡಬೇಕು. ಊರಿನ ಹೆಸರಿನ ಒಂದಕ್ಷರ ತಪ್ಪಾಗಿದ್ದರೂ ಕಡತ ವಾಪಸು ಬರುತ್ತದೆ. ಮ್ಯಾನ್ಮಾರಿನ ರೋಹಿಂಗ್ಯಾಗಳ ಕತೆ ಇನ್ನೂ ಕಷ್ಟದ್ದು. ಅವರನ್ನು ತನ್ನ ಪ್ರಜೆಗಳೆಂದು ಆ ದೇಶವೇ ಒಪ್ಪುವುದಿಲ್ಲ. ಕಳುಹಿಸುವುದಕ್ಕೆ ವಿಳಾಸವೇ ಇಲ್ಲದವರನ್ನು ‘ಕಳುಹಿಸುವವರೆಗೆ’ ಇಡಬೇಕು ಎಂದರೆ ಎಷ್ಟು ವರ್ಷ? ಅಸ್ಸಾಮಿನಲ್ಲಿ ಈ ಪ್ರಶ್ನೆಗೆ ಸುಪ್ರೀಂ ಕೋರ್ಟೇ ಒಂದು ಗಡಿ ಹಾಕಬೇಕಾಯಿತು. ಮೂರು ವರ್ಷ ಮೀರಿ ಬಂಧನದಲ್ಲಿದ್ದವರನ್ನು ಜಾಮೀನುದಾರರ ಮೇಲೆ ಷರತ್ತಿನಿಂದ ಬಿಡಿ ಎಂದು 2019ರ ಮೇನಲ್ಲಿ ಹೇಳಿತು. ಕೋವಿಡ್ ಬಂದಾಗ, 2020ರ ಏಪ್ರಿಲಿನಲ್ಲಿ, ಆ ಅವಧಿಯನ್ನು ಎರಡು ವರ್ಷಕ್ಕೆ, ಒಂದು ಲಕ್ಷದ ಬಾಂಡನ್ನು ಐದು ಸಾವಿರಕ್ಕೆ ಇಳಿಸಿತು. ಬಿಟ್ಟು ಕಳುಹಿಸಿ, ವಾರಕ್ಕೊಮ್ಮೆ ಠಾಣೆಯಲ್ಲಿ ಸಹಿ ಹಾಕಿಸಿಕೊಂಡರೆ ಸಾಕು ಎಂಬ ದಾರಿ ಈ ದೇಶದಲ್ಲೇ ಪ್ರಯೋಗವಾಗಿದೆ. ಅದು ಹೊರದೇಶದಿಂದ ತರಬೇಕಾದ ಯೋಚನೆಯೇನೂ ಅಲ್ಲ.

ಸಹಿ ಹಾಕಿಸಿಕೊಂಡು ಹೊರಗೆ ಬಾಳಲು ಬಿಡುವುದರಲ್ಲಿ ಕರ್ನಾಟಕಕ್ಕೆ ಇರುವಷ್ಟು ಅನುಭವ ಬಹಳ ರಾಜ್ಯಗಳಿಗೆ ಇಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಮೊದಲ ಟಿಬೆಟನ್ನರು ಬಂದದ್ದು 1960ರ ಕೊನೆಯಲ್ಲಿ. ದಲೈ ಲಾಮಾ ಭಾರತಕ್ಕೆ ಬಂದದ್ದು 1959ರಲ್ಲಿ. ಅವರ ಹಿಂದೆ ಹಿಮಾಲಯ ದಾಟಿದವರಿಗೆ ನೆಲ ಕೊಡುವಿರಾ ಎಂದು ಪ್ರಧಾನಿ ನೆಹರೂ ರಾಜ್ಯಗಳನ್ನು ಕೇಳಿದಾಗ ಅಂದಿನ ಮೈಸೂರು ರಾಜ್ಯ ಸುಮಾರು 3,000 ಎಕರೆ ಕಾಡು ಕೊಟ್ಟಿತು. ಬಂದವರು ಚಳಿಯ ನಾಡಿನ ಜನ. ಇಲ್ಲಿ ಡೇರೆಯಲ್ಲಿ ಮಲಗಿ, ಬಿದಿರು ಕಡಿದು, ಮರದ ಬೇರು ಕಿತ್ತು, ಆನೆಗಳಿಗೆ ಹೆದರುತ್ತ ನೆಲ ಹಸನು ಮಾಡಿದರು. ಸೆಕೆಗೆ, ಕಾಯಿಲೆಗೆ ಎಷ್ಟೋ ಜನ ಹೋದರು. ಆಮೇಲೆ ಜೋಳದ ಹೊಲಗಳಾದವು, ಹೆಂಚಿನ ಮನೆಗಳಾದವು, ಸೆರಾ ಮಠ ಎದ್ದಿತು. 1966ರಲ್ಲಿ ಮುಂಡಗೋಡದಲ್ಲಿ, 1969ರಲ್ಲಿ ಬೈಲಕುಪ್ಪೆಯಲ್ಲೇ ಎರಡನೆಯದು, 1970ರ ದಶಕದ ಮೊದಲ ಭಾಗದಲ್ಲಿ ಹುಣಸೂರಿನ ಗುರುಪುರದಲ್ಲಿ, ಕೊಳ್ಳೇಗಾಲದ ಒಡೆಯರಪಾಳ್ಯದಲ್ಲಿ ಇನ್ನೆರಡು ನೆಲೆಗಳಾದವು. ಈ ಕೆಲಸಕ್ಕೆಂದೇ 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ. ಇವತ್ತು ನಮ್ಮ ಬಯಲುಸೀಮೆಯ ಹಳ್ಳಿಗಳ ಸ್ವಸಹಾಯ ಸಂಘಗಳ ಮೂಲಕ ಅದನ್ನು ಬಲ್ಲವರಿಗೆ, ಅದರ ಬೇರು ನಿರಾಶ್ರಿತರ ಪುನರ್ವಸತಿಯಲ್ಲಿದೆ ಎಂಬುದು ಹೆಚ್ಚಾಗಿ ಗೊತ್ತಿರುವುದಿಲ್ಲ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಭಾರತ 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕೆ ಅಂದೂ ಸಹಿ ಹಾಕಿರಲಿಲ್ಲ, ಇಂದೂ ಹಾಕಿಲ್ಲ. ಆಶ್ರಯ ಕೋರಿ ಬಂದವರಿಗೆಂದೇ ಒಂದು ಕಾಯ್ದೆ ಅಂದೂ ಇರಲಿಲ್ಲ, ಇಂದೂ ಇಲ್ಲ. 1946ರ ವಿದೇಶಿಯರ ಕಾಯ್ದೆಯೇ ಬೈಲಕುಪ್ಪೆಗೂ ಅನ್ವಯವಾಗುತ್ತಿತ್ತು, ಸೊಂಡೆಕೊಪ್ಪಕ್ಕೂ ಅನ್ವಯವಾಯಿತು. ಕಾನೂನು ಒಂದೇ ಇದ್ದರೂ ಒಂದು ಕಡೆ ಹೊಲವಾಯಿತು, ಇನ್ನೊಂದು ಕಡೆ ಗೋಡೆಯಾಯಿತು. ಹೊಲ ಕೊಡುವುದು ಆಡಳಿತದ ತೀರ್ಮಾನವಾಗಿತ್ತು. ಗೋಡೆಯೂ ಹಾಗೆಯೇ. ಹೀಗಾಗಿ ಕಾನೂನು ಬೇರೆ ದಾರಿ ಬಿಟ್ಟಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಬೈಲಕುಪ್ಪೆಯ ಕಡೆ ಕೈ ತೋರಿಸುತ್ತೇನೆ.

ಬೈಲಕುಪ್ಪೆಯನ್ನು ಸ್ವರ್ಗವೆಂದು ಚಿತ್ರಿಸುವುದೂ ಸರಿಯಲ್ಲ. ನೆಲ ಗುತ್ತಿಗೆಯದು. ಅಲ್ಲಿ ಹುಟ್ಟಿ ಬೆಳೆದು ಮುದುಕರಾದವರೂ ‘ಆರ್‌ಸಿ’ ಎಂದು ಕರೆಯುವ ನೋಂದಣಿ ಪತ್ರವನ್ನು ಮತ್ತೆ ಮತ್ತೆ ನವೀಕರಿಸಿಕೊಳ್ಳಬೇಕು. ಸುತ್ತಲಿನ ಹಳ್ಳಿಗಳ ಜನ ಅರವತ್ತು ವರ್ಷವಾದರೂ ಆ ಊರುಗಳನ್ನು ಕ್ಯಾಂಪು ಎಂದೇ ಕರೆಯುತ್ತಾರೆ, ಅಲ್ಲಿಯವರೂ ಒಂದನೇ ಕ್ಯಾಂಪು, ನಾಲ್ಕನೇ ಕ್ಯಾಂಪು ಎಂದೇ ವಿಳಾಸ ಹೇಳುತ್ತಾರೆ. 1950ರ ಜನವರಿ 26ರಿಂದ 1987ರ ಜುಲೈ 1ರ ನಡುವೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು ಎಂದು ಒಪ್ಪಿಸಲು ಮೊದಲು ದೆಹಲಿ ಹೈಕೋರ್ಟು, ಆಮೇಲೆ 2013ರಲ್ಲಿ ಕರ್ನಾಟಕ ಹೈಕೋರ್ಟು ಹೇಳಬೇಕಾಯಿತು. ಆದರೂ ಆ ಜನ ಬೆಳಿಗ್ಗೆ ಎದ್ದು ತಮ್ಮ ಬಾಗಿಲು ತಾವೇ ತೆಗೆಯುತ್ತಾರೆ. ಚಳಿಗಾಲಕ್ಕೆ ನಮ್ಮ ಊರುಗಳ ಫುಟ್‌ಪಾತಿನಲ್ಲಿ ಸ್ವೆಟರು ಮಾರುತ್ತಾರೆ, ವ್ಯಾಪಾರ ಮುಗಿಸಿ ಊರಿಗೆ ಹೋಗುತ್ತಾರೆ.

ಕರ್ನಾಟಕ ನೆಲೆ ಕೊಟ್ಟ ಇನ್ನೂ ಎರಡು ಜನಸಮುದಾಯಗಳನ್ನು ನೆನೆಯಬೇಕು. ಸಿಂಧನೂರಿನ ಸುತ್ತ, ತುಂಗಭದ್ರೆಯ ಎಡದಂಡೆ ಕಾಲುವೆಯ ಬಯಲಲ್ಲಿ, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಹಿಂದೂ ಕುಟುಂಬಗಳ ಪುನರ್ವಸತಿಯ ಆರ್.ಎಚ್. ಕ್ಯಾಂಪುಗಳಿವೆ. ಅಲ್ಲಿ ಭತ್ತ ಬೆಳೆಯುವ ಕೈಗಳಿಗೆ ಕನ್ನಡವೂ ಬರುತ್ತದೆ, ದುರ್ಗಾಪೂಜೆಯೂ ನಡೆಯುತ್ತದೆ. ಇತ್ತ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಿಗೆ ಬಂದವರು ಶ್ರೀಲಂಕಾದ ಚಹಾ ತೋಟಗಳ ತಮಿಳರು. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಪ್ರಕಾರ ಭಾರತಕ್ಕೆ ಮರಳಿದ ಇವರು ಕಾಗದದ ಮಟ್ಟಿಗೆ ಪ್ರಜೆಗಳೇ. ಆದರೆ ಅರಣ್ಯ ಅಭಿವೃದ್ಧಿ ನಿಗಮ ಕೊಟ್ಟ ಮನೆ ಕೆಲಸಕ್ಕೆ ಅಂಟಿಕೊಂಡ ಮನೆ. ರಬ್ಬರ್ ಟ್ಯಾಪಿಂಗ್ ಮಾಡುವಷ್ಟು ದಿನ ಅದು ಅವರದು. ಜಾತಿ ಪ್ರಮಾಣಪತ್ರಕ್ಕಾಗಿ ಅವರ ಮಕ್ಕಳು ತಾಲ್ಲೂಕು ಕಚೇರಿಗೆ ಅಲೆದದ್ದು ಬೇರೆಯೇ ಕತೆ. ಪೌರತ್ವ ಸಿಕ್ಕ ಮಾತ್ರಕ್ಕೆ ಮನೆಯೂ ಸಿಗುವುದಿಲ್ಲ ಎಂಬುದಕ್ಕೆ ಸುಳ್ಯದ ತೋಟಗಳೇ ಸಾಕ್ಷಿ.

ಇನ್ನು ನಮ್ಮ ಬಡಾವಣೆಯ ವಿಷಯ. ಬಸವೇಶ್ವರನಗರದಲ್ಲಿ ಹಳೆಯ ಸೈಟುಗಳ ಒಂದು ಮಹಡಿಯ ಮನೆಗಳನ್ನು ಕೆಡವಿ ನಾಲ್ಕು ಮಹಡಿ ಎಬ್ಬಿಸುವುದು ವರ್ಷವಿಡೀ ನಡೆಯುತ್ತದೆ. ಸಿದ್ದಯ್ಯ ಪುರಾಣಿಕ ರಸ್ತೆಯಿಂದ ಒಳಗೆ ಯಾವ ಅಡ್ಡರಸ್ತೆಗೆ ಹೋದರೂ ಮರಳಿನ ರಾಶಿಯ ಪಕ್ಕ ತಗಡಿನ ಶೆಡ್ಡು, ಅದರ ಮೇಲೆ ನೀಲಿ ಟಾರ್ಪಾಲು, ಮುಂದೆ ಮೂರು ಕಲ್ಲಿನ ಒಲೆ. ಯಾದಗಿರಿಯವರು, ಕಲಬುರಗಿಯವರು, ರಾಯಚೂರಿನವರು ಅಲ್ಲಿರುತ್ತಾರೆ. ಬಿಹಾರದವರು, ಬಂಗಾಳದವರು, ಅಸ್ಸಾಮಿನವರೂ ಇರುತ್ತಾರೆ. ಕಟ್ಟಡ ಕಾರ್ಮಿಕರ 1996ರ ಕಾಯ್ದೆಯ 34ನೇ ಕಲಮಿನಲ್ಲಿ, ಕೆಲಸದ ಜಾಗದಲ್ಲೋ ಅದರ ಹತ್ತಿರವೋ ಅಡುಗೆ, ಸ್ನಾನ, ಶೌಚಕ್ಕೆ ಪ್ರತ್ಯೇಕ ಅನುಕೂಲವಿರುವ ತಾತ್ಕಾಲಿಕ ವಸತಿಯನ್ನು ಮಾಲೀಕ ಪುಕ್ಕಟೆ ಕೊಡಬೇಕು ಎಂದಿತ್ತು. ಇಂಥ ಶೆಡ್ಡುಗಳ ಮಂದಿ ಸ್ನಾನಕ್ಕೆ ಕತ್ತಲಾಗುವುದನ್ನು ಕಾಯುತ್ತಾರೆ.

ರಾತ್ರಿ ಸೀಟಿ ಊದುತ್ತ ಬೀದಿ ಸುತ್ತುವ ನೇಪಾಳದ ಗೂರ್ಖಾ ಕೂಡ ಈ ಬಡಾವಣೆಯವನೇ. ಅವನೂ ಹೊರದೇಶದವನು. ಆದರೆ 1950ರ ಭಾರತ–ನೇಪಾಳ ಒಪ್ಪಂದ ಇರುವುದರಿಂದ ವೀಸಾ ಇಲ್ಲದೆ ಬಂದು ಇಲ್ಲಿ ವಾಸಿಸಬಹುದು, ದುಡಿಯಬಹುದು. ಅಪಾರ್ಟ್‌ಮೆಂಟಿನ ಮೆಟ್ಟಿಲಡಿಯ ಕೋಣೆಯಲ್ಲಿ ಸಂಸಾರ ಹೂಡಬಹುದು. ತಿಂಗಳ ಮೊದಲ ವಾರ ಬಾಗಿಲು ತಟ್ಟಿ ಹಣ ಕೇಳಿದಾಗ ಯಾರೂ ಅವನ ಆಧಾರ್ ಕೇಳುವುದಿಲ್ಲ. ಅದೇ ಬೀದಿಯಲ್ಲಿ ಒಣಕಸ ಆಯುವ ಬಂಗಾಳಿ ಮಾತಿನ ಹುಡುಗನನ್ನು ನಿಲ್ಲಿಸಿ ಊರು ಯಾವುದು ಎಂದು ಕೇಳುವುದನ್ನು ನಾನು ನೋಡಿದ್ದೇನೆ. ನಾದಿಯಾ ಜಿಲ್ಲೆ ಎಂದರೂ ನಂಬುವುದಿಲ್ಲ. ನಾದಿಯಾ ಇರುವುದು ನಮ್ಮದೇ ಪಶ್ಚಿಮ ಬಂಗಾಳದಲ್ಲಿ. ಇಬ್ಬರಲ್ಲಿ ಒಬ್ಬನ ಬದುಕನ್ನು ಸಲೀಸು ಮಾಡಿರುವುದು ಎರಡು ದೇಶಗಳು ಮಾಡಿಕೊಂಡ ಒಂದು ಒಪ್ಪಂದ ಅಷ್ಟೇ. ಆ ಗೂರ್ಖಾ ಇರುವುದರಿಂದ ಬಡಾವಣೆ ಮುಳುಗಿಲ್ಲ.

ಆ ಅನುಮಾನದ ಪ್ರಶ್ನೆ ಎಲ್ಲಿಗೆ ಮುಟ್ಟಬಹುದು ಎಂದು ಬೆಂಗಳೂರು 2020ರ ಜನವರಿಯಲ್ಲಿ ಕಂಡಿತು. ಬೆಳ್ಳಂದೂರಿನ ಕರಿಯಮ್ಮನ ಅಗ್ರಹಾರದಲ್ಲಿ ಶೆಡ್ಡುಗಳ ಒಂದು ಕೇರಿ ಇತ್ತು. ಅಲ್ಲಿರುವವರು ಅಕ್ರಮ ಬಾಂಗ್ಲಾದೇಶಿಗಳು ಎಂಬ ಮಾತು ಹಬ್ಬಿತು. ಪೊಲೀಸರು ಜಾಗದ ಮಾಲೀಕನಿಗೆ ನೋಟಿಸು ಕೊಟ್ಟರು. ಪಾಲಿಕೆಯ ಎಂಜಿನಿಯರ್ ಒಬ್ಬರು ಶೆಡ್ಡುಗಳ ತೆರವಿಗೆ ಪೊಲೀಸರ ನೆರವು ಕೇಳಿ ಪತ್ರ ಬರೆದರು. ಭಾನುವಾರ ಜೆಸಿಬಿ ಬಂತು. ಪಾತ್ರೆ, ಹಾಸಿಗೆ, ಮಕ್ಕಳ ಪುಸ್ತಕಗಳ ಜೊತೆ ಜನ ಬೀದಿಗೆ ಬಿದ್ದರು. ಅವರ ಕೈಯಲ್ಲಿ ಮತದಾರರ ಚೀಟಿಗಳಿದ್ದವು, ಆಧಾರ್ ಇತ್ತು. ಅಸ್ಸಾಮಿನವರು, ತ್ರಿಪುರದವರು ಇದ್ದರು. ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೈಕೋರ್ಟಿಗೆ ಹೋಯಿತು. ಮುಖ್ಯ ನ್ಯಾಯಮೂರ್ತಿ ಅಭಯ ಓಕ ಅವರ ಪೀಠ ತೆರವಿಗೆ ತಡೆ ಕೊಟ್ಟು, ಹೀಗೆ ಮನೆ ಕೆಡವುವುದಕ್ಕೆ ಅಧಿಕಾರ ಎಲ್ಲಿಂದ ಬಂತು ಎಂದು ಕೇಳಿತು, ಕಳೆದುಕೊಂಡವರಿಗೆ ಏನು ಮಾಡುತ್ತೀರಿ ಎಂದು ಸರ್ಕಾರವನ್ನು ಪ್ರಶ್ನಿಸಿತು. ಕೊಪ್ಪಳದಿಂದ ಬಂದವರೋ ಬಾಂಗ್ಲಾದೇಶದ ಖುಲ್ನಾದಿಂದ ಬಂದವರೋ ಎಂದು ಜೆಸಿಬಿ ವಿಚಾರಿಸುವುದಿಲ್ಲ. ಕಾಗದವಿಲ್ಲದವರ ಸೂರಿಗೆ ಕೈಹಾಕಿದಾಗಲೆಲ್ಲ ಮೊದಲು ಬೀಳುವುದು ಬಡವರ ಸೂರು, ಕಾಗದವಿದ್ದರೂ.

ಇದೇ ಊರಿನ ಉತ್ತರದಂಚಿನ ದಾಸರಹಳ್ಳಿಯ ಬಳಿ ರೋಹಿಂಗ್ಯಾ ಕುಟುಂಬಗಳು ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಚಿಂದಿ ಆಯ್ದು ಟೆಂಟುಗಳಲ್ಲಿ ಬದುಕುತ್ತಿವೆ. ಅವರ ಕೈಯಲ್ಲಿರುವುದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಕೊಟ್ಟ ಚೀಟಿ. ಸರ್ಕಾರ ಅದಕ್ಕೆ ಕಟ್ಟುಬೀಳಬೇಕಿಲ್ಲ. ಬೆಂಗಳೂರಿನಲ್ಲಿ ಗುರುತಿಸಿರುವ 72 ರೋಹಿಂಗ್ಯಾಗಳನ್ನು ತಕ್ಷಣಕ್ಕೆ ಗಡೀಪಾರು ಮಾಡುವ ಯೋಚನೆ ಇಲ್ಲ ಎಂದು ರಾಜ್ಯ ಸರ್ಕಾರ 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರ ಕೊಟ್ಟಿತು. ಕೆಲವೇ ದಿನಗಳಲ್ಲಿ ಅದನ್ನು ತಿದ್ದಿ, ನ್ಯಾಯಾಲಯ ಹೇಳಿದಂತೆ ನಡೆಯುತ್ತೇವೆ ಎಂದು ಇನ್ನೊಂದನ್ನು ಕೊಟ್ಟಿತು. ಎರಡು ಪ್ರಮಾಣಪತ್ರಗಳ ನಡುವೆ ಆ ಕುಟುಂಬಗಳ ಟೆಂಟು ಇದ್ದಲ್ಲೇ ಇತ್ತು, ಅದಕ್ಕೆ ಬಾಡಿಗೆ ಕಟ್ಟುವುದೂ ತಪ್ಪಲಿಲ್ಲ. ಸರ್ಕಾರ ಸೂರು ಕೊಡದಿದ್ದರೆ ಕೊಡುವವರು ಹುಟ್ಟಿಕೊಳ್ಳುತ್ತಾರೆ. ಖಾಲಿ ಸೈಟಿನ ಮಾಲೀಕ, ಗುಜರಿ ಗೋದಾಮಿನ ಒಡೆಯ, ಕೂಲಿ ತರುವ ಮೇಸ್ತ್ರಿ. ಠಾಣೆಗೆ ಹೇಳುತ್ತೇನೆ ಎಂಬ ಒಂದು ಮಾತಿನಿಂದ ಅವರು ಕೂಲಿ ಮುರಿಯಬಹುದು, ಬಾಡಿಗೆ ಏರಿಸಬಹುದು.

ಹಣವಂತ ದೇಶಗಳಲ್ಲೂ ಇದು ಬಗೆಹರಿದಿಲ್ಲ. ಬ್ರಿಟನ್ನಿನಲ್ಲಿ ಆಶ್ರಯ ಕೋರಿದವರಿಗೆ ವಸತಿ ಕೊಡುವುದು ಕಾನೂನಿನ ಹೊಣೆಯಾಗಿತ್ತು. ಅರ್ಜಿಗಳ ತೀರ್ಮಾನ ತಡವಾಗಿ, 2023ರ ಸೆಪ್ಟೆಂಬರ್ ಹೊತ್ತಿಗೆ 50,000ಕ್ಕೂ ಹೆಚ್ಚು ಮಂದಿ ಹೋಟೆಲುಗಳಲ್ಲಿದ್ದರು. ಅದೇ ವರ್ಷ ಆಗಸ್ಟಿನಲ್ಲಿ ಪೋರ್ಟ್‌ಲೆಂಡ್ ಬಂದರಿನಲ್ಲಿ ‘ಬಿಬಿ ಸ್ಟಾಕ್‌ಹೋಮ್’ ಎಂಬ ತೇಲುವ ವಸತಿಗೆ ಜನರನ್ನು ಹತ್ತಿಸಿದರು. ನೀರಿನಲ್ಲಿ ಲೀಜನೆಲ್ಲಾ ಬ್ಯಾಕ್ಟೀರಿಯಾ ಸಿಕ್ಕು ಒಂದು ವಾರದೊಳಗೆ ಇಳಿಸಬೇಕಾಯಿತು. ಅವರಿಗೆ ದುಡಿಯಲು ಅನುಮತಿ ಸುಲಭಕ್ಕೆ ಸಿಗುವುದಿಲ್ಲ. ಕೂತು ಉಣ್ಣುತ್ತಾರೆ ಎಂದು ಊರವರು ಸಿಟ್ಟಾಗುತ್ತಾರೆ. ಜರ್ಮನಿಯವರು ಕಂಡುಕೊಂಡ ಉಪಾಯ ಬೇರೆ. ಬಂದವರನ್ನು ರಾಜ್ಯಗಳ ತೆರಿಗೆ ಆದಾಯಕ್ಕೆ ಮೂರರಲ್ಲಿ ಎರಡು ಪಾಲು, ಜನಸಂಖ್ಯೆಗೆ ಒಂದು ಪಾಲು ತೂಕ ಕೊಟ್ಟು ಹಂಚುತ್ತಾರೆ. ಅಲ್ಲೂ ಜಗಳಗಳಿವೆ. ಆದರೆ ಹೊರೆ ಯಾರ ತಲೆಯ ಮೇಲೆ ಎಷ್ಟು ಎಂಬುದು ಮೊದಲೇ ಗೊತ್ತಿರುತ್ತದೆ. ಟಿಬೆಟನ್ನರಿಗಾಗಿ ನೆಹರೂ ರಾಜ್ಯಗಳನ್ನು ಕೇಳಿದಾಗ ಒಂದು ಹಂಚಿಕೆ ಇಲ್ಲಿಯೂ ನಡೆದಿತ್ತು, ಕಡ್ಡಾಯವಿಲ್ಲದೆ. ದೊಡ್ಡ ಪಾಲನ್ನು ಹೊತ್ತದ್ದು ನಮ್ಮ ರಾಜ್ಯ.

ಗಡಿಗೆ ಕಾವಲು ಬೇಡ, ಯಾರು ಬೇಕಾದರೂ ಬರಲಿ ಎಂಬ ವಾದ ನನ್ನದಲ್ಲ. ಕಳ್ಳಸಾಗಣೆ ಮಾಡಿದವನಿಗೆ ಶಿಕ್ಷೆಯಾಗಬೇಕು, ಯಾರು ದೇಶದಲ್ಲಿದ್ದಾರೆ ಎಂದು ಸರ್ಕಾರಕ್ಕೆ ಗೊತ್ತಿರಬೇಕು. ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟೇ: ಸಂವಿಧಾನದ 21ನೇ ವಿಧಿಯ ಜೀವದ ರಕ್ಷಣೆ ಪ್ರಜೆಗಳಿಗೆ ಮಾತ್ರ ಮೀಸಲಲ್ಲ. ಜೀವ ಎಂದರೆ ಉಸಿರಾಟ ಮಾತ್ರವಲ್ಲ ಎಂದು ನಮ್ಮ ನ್ಯಾಯಾಲಯಗಳು ಎಷ್ಟು ಸಲ ಹೇಳಿವೆ. ಕೊನೆಯ ದಿನ ಗೊತ್ತಿಲ್ಲದೆ ಕೂಡಿಹಾಕಿದ ಮನುಷ್ಯನ ಜೀವವೂ ಆ ಮಾತಿನೊಳಗೆ ಬರಬೇಕು.

ಸೊಂಡೆಕೊಪ್ಪ ಒಂದೇ ಆಗಿ ಉಳಿಯುವ ಕಾಲವೂ ಮುಗಿಯುತ್ತಿದೆ. 1946ರ ಕಾಯ್ದೆ ಸೇರಿ ನಾಲ್ಕು ಹಳೆಯ ಕಾನೂನುಗಳನ್ನು ರದ್ದುಮಾಡಿ, ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿದೆ. ಪ್ರತಿ ರಾಜ್ಯವೂ ಇಂಥ ಕೇಂದ್ರಗಳನ್ನು ಮಾಡಿಕೊಳ್ಳಬೇಕೆಂಬ ಆದೇಶ ಅದರ ಬೆನ್ನಿಗೇ ಬಂತು. ಅದಕ್ಕೂ ಮೊದಲು, 2025ರ ಮೇನಲ್ಲಿ, ಶಂಕಿತ ಬಾಂಗ್ಲಾದೇಶಿ ಮತ್ತು ಮ್ಯಾನ್ಮಾರ್ ವಲಸಿಗರ ದಾಖಲೆ ಪರಿಶೀಲನೆಗೆ ಗೃಹ ಸಚಿವಾಲಯ ರಾಜ್ಯಗಳಿಗೆ 30 ದಿನಗಳ ಗಡುವು ಕೊಟ್ಟಿತ್ತು. ನಾದಿಯಾದ ಹುಡುಗನೊಬ್ಬನ ಶಾಲೆಯ ದಾಖಲೆ ಬೆಂಗಳೂರಿಗೆ ಬಂದು ಸೇರಲು ತಿಂಗಳು ಸಾಲದೇ ಇರಬಹುದು. ಪರಿಶೀಲನೆಗೆ ಗಡುವು ಹಾಕಿದ ಸರ್ಕಾರ ಬಂಧನಕ್ಕೂ ಒಂದು ಗಡುವು ಹಾಕಬಹುದು.

ರಾಜ್ಯ ಸರ್ಕಾರ ದೆಹಲಿಯ ಅಪ್ಪಣೆಗೆ ಕಾಯದೆ ಮಾಡಬಹುದಾದ ಕೆಲಸಗಳಿವೆ. ಸೊಂಡೆಕೊಪ್ಪದಲ್ಲಿ ಎಷ್ಟು ಜನ ಇದ್ದಾರೆ, ಅವರಲ್ಲಿ ಹೆಂಗಸರೆಷ್ಟು, ಮಕ್ಕಳೆಷ್ಟು, ಎಲ್ಲರಿಗಿಂತ ಹೆಚ್ಚು ಕಾಲ ಇರುವವರು ಎಷ್ಟು ದಿನದಿಂದ ಇದ್ದಾರೆ ಎಂದು ಹೆಸರು ಹೇಳದೆ ಪ್ರತಿ ತಿಂಗಳೂ ಪ್ರಕಟಿಸಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಅಲ್ಲಿಗೆ ನಿಗದಿತ ದಿನ ಹೋಗಿ ಒಬ್ಬೊಬ್ಬರ ಕಡತ ಎಲ್ಲಿ ನಿಂತಿದೆ ಎಂದು ಕೇಳಬಹುದು. ಆರು ತಿಂಗಳಾದರೂ ಯಾವ ದೇಶವೂ ಒಪ್ಪಿಕೊಳ್ಳದವರನ್ನು ಠಾಣೆಯ ಸಹಿಯ ಷರತ್ತಿನ ಮೇಲೆ ಹೊರಗೆ ಬಾಳಲು ಬಿಡಿ ಎಂದು ನ್ಯಾಯಾಲಯವನ್ನು ಸರ್ಕಾರವೇ ಕೇಳಬಹುದು. ಮಗು ಇರುವ ತಾಯಿಯನ್ನು ಅಲ್ಲಿಗೆ ಕಳುಹಿಸುವ ಮುನ್ನ ಬೇರೆ ಜಾಗ ಹುಡುಕಬಹುದು. ಆ ಕಟ್ಟಡದ ನಿರ್ವಹಣೆಯ ಹೊಣೆ ಬಿದ್ದದ್ದು ಸಮಾಜ ಕಲ್ಯಾಣ ಇಲಾಖೆಯ ಮೇಲೆ. ಊಟದ ಪಟ್ಟಿ, ಕಾಯಿಲೆಯ ಪುಸ್ತಕ, ಹಾಜರಿ ಪುಸ್ತಕ ಇಟ್ಟು ಮಕ್ಕಳನ್ನು ಸಾಕಿದ ಇಲಾಖೆ ಅದು. ಆ ಹಾಜರಿ ಪುಸ್ತಕದಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆ ಬಂದ ದಿನದ ಪಕ್ಕ ಹೋಗಬೇಕಾದ ದಿನಕ್ಕೂ ಒಂದು ಕಾಲಂ ಎಳೆದು, ಅದನ್ನು ತುಂಬುವ ಅಧಿಕಾರಿ ಯಾರು ಎಂದು ಆದೇಶದಲ್ಲಿ ಬರೆಯಲಿ.